ಚಂದಾ ಎತ್ತಲು ಹೋದವರು ಕಷ್ಟ ಕೇಳಿಕೊಂಡು ಬಂದರು

ನಮ್ಮ ಮಾಗಡಿ ಕಡೆ ಕುಡಿತ ಬಿಡಿಸುವ ಮಾತೆತ್ತಿದರೆ ಜನ ಸಾಮಾನ್ಯವಾಗಿ ಎರಡು ದಾರಿ ಹೇಳುತ್ತಾರೆ. ಒಂದು ದೇವರ ಮುಂದೆ ಆಣೆ, ಇನ್ನೊಂದು ಬೆಂಗಳೂರಿನ ನಿಮ್ಹಾನ್ಸ್. ಆಣೆ ಮಾಡಿದವರಾಗಲಿ, ಆಸ್ಪತ್ರೆಯಿಂದ ಬಂದವರಾಗಲಿ, ಮತ್ತೆ ಬರುವುದು ಅದೇ ಊರಿಗೆ, ಅದೇ ಗೆಳೆಯರ ನಡುವೆ. ಆಮೇಲಿನ ದಿನಗಳಲ್ಲಿ ಜೊತೆಗೆ ಯಾರಿರುತ್ತಾರೆ?

ಈ ಪ್ರಶ್ನೆಗೆ ಒಂದು ಉತ್ತರ ಕ್ರೈಸ್ತ ಸಭೆಗಳ ಒಳಗೆ ಹುಟ್ಟಿತು. ಅದು ಹುಟ್ಟಿದ್ದು ಸಾಲದ ದೆಸೆಯಿಂದ.

1742ರ ಫೆಬ್ರುವರಿ. ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ ಜಾನ್ ವೆಸ್ಲಿ ಎಂಬ ಪಾದ್ರಿ ಕಟ್ಟಿಸಿದ್ದ ಮಂದಿರದ ಸಾಲ ತೀರಿರಲಿಲ್ಲ. ತೀರಿಸುವುದು ಹೇಗೆಂದು ಎಲ್ಲರೂ ಸೇರಿದಾಗ ಕ್ಯಾಪ್ಟನ್ ಫಾಯ್ ಎಂಬಾತ ಒಂದು ಲೆಕ್ಕ ಹೇಳಿದ: ಒಬ್ಬೊಬ್ಬರು ವಾರಕ್ಕೆ ಒಂದು ಪೆನ್ನಿ ಕೊಡಲಿ. ಬಡವರು ಏನು ಮಾಡಬೇಕು ಎಂದು ಯಾರೋ ಕೇಳಿದರು. ತೀರಾ ಬಡವರಾದ 11 ಜನರನ್ನು ನನ್ನ ಲೆಕ್ಕಕ್ಕೆ ಬಿಡಿ, ಅವರು ಕೊಡದಿದ್ದರೆ ನಾನೇ ಹಾಕುತ್ತೇನೆ ಎಂದ ಫಾಯ್. ಹಾಗೆ 12 ಜನರ ಗುಂಪುಗಳಾದವು.

ಚಂದಾ ಎತ್ತಲು ವಾರವಾರ ಮನೆಮನೆಗೆ ಹೋದವರ ಕಣ್ಣಿಗೆ ಬೇರೆಯೇ ಸಂಗತಿ ಬಿತ್ತು. ಭಾನುವಾರ ಪ್ರಾರ್ಥನೆಯಲ್ಲಿ ನೆಟ್ಟಗೆ ಕೂರುವ ಕೆಲವರ ಬದುಕು ಮನೆಯಲ್ಲಿ ಹಾಗಿರಲಿಲ್ಲ. ಇದು ವೆಸ್ಲಿಯ ಕಿವಿಗೆ ಬಿತ್ತು. ಇಷ್ಟು ದಿನ ತಾನು ಹುಡುಕುತ್ತಿದ್ದದ್ದು ಇದನ್ನೇ ಅನ್ನಿಸಿತು ಅವನಿಗೆ. ಚಂದಾ ಎತ್ತುವವರೇ ಗುಂಪಿನ ನಾಯಕರಾದರು. ಆ ಗುಂಪಿಗೆ ‘ಕ್ಲಾಸ್’ ಎಂಬ ಹೆಸರು ಬಂತು. ಪಾಠಕ್ಕೂ ಅದಕ್ಕೂ ಸಂಬಂಧವಿಲ್ಲ. ಹೆಂಗಸರೂ ನಾಯಕಿಯರಾದರು. 18ನೇ ಶತಮಾನದಲ್ಲಿ ಅದು ಸಣ್ಣ ಮಾತಲ್ಲ.

ಸ್ವಲ್ಪ ದಿನಕ್ಕೆ ಮನೆ ಭೇಟಿ ನಿಂತು, ಎಲ್ಲರೂ ಒಂದೆಡೆ ಸೇರುವುದು ಶುರುವಾಯಿತು. ವೆಸ್ಲಿ ಕೊಟ್ಟ ಕಾರಣಗಳನ್ನು ಓದಿದರೆ ನಮ್ಮೂರಿನ ಮಾತಿನಂತೆಯೇ ಇವೆ. ಕೂಲಿಯಾಳಿನ ಮನೆಗೆ ಹೋದರೆ ಯಜಮಾನ ಬಿಡುವುದಿಲ್ಲ. ಬಿಟ್ಟರೂ ಪಕ್ಕದಲ್ಲಿ ಯಾರಾದರೂ ಕಿವಿಗೊಟ್ಟು ನಿಂತಿರುತ್ತಾರೆ. ಒಬ್ಬರ ಮೇಲೊಬ್ಬರು ಹೇಳಿದ ಚಾಡಿ ಎದುರುಬದುರು ಕೂರದೆ ಬಗೆಹರಿಯುವುದಿಲ್ಲ.

ಇದಕ್ಕೂ ಮೊದಲು, 1738ರಲ್ಲಿ, ‘ಬ್ಯಾಂಡ್’ ಎಂಬ ಇನ್ನೂ ಚಿಕ್ಕ ಗುಂಪುಗಳಿಗೆ ವೆಸ್ಲಿ ನಿಯಮ ಬರೆದಿದ್ದ. ಅದರಲ್ಲಿ ಒಂದನ್ನು ಎದ್ದು ಹೇಳಬೇಕು: ಗುಂಪಿನಲ್ಲಿ ಒಬ್ಬರು ಮೊದಲು ತಮ್ಮ ಸ್ಥಿತಿ ಹೇಳಿಕೊಳ್ಳಬೇಕು, ಆಮೇಲೆ ಉಳಿದವರನ್ನು ಕೇಳಬೇಕು. ನಮ್ಮ ನ್ಯಾಯ ಪಂಚಾಯಿತಿಗಳಲ್ಲಿ ಇದು ಉಲ್ಟಾ. ಕೂತವರು ಕೇಳುತ್ತಾರೆ, ನಿಂತವನು ಹೇಳುತ್ತಾನೆ.

ವೆಸ್ಲಿಯನ್ ಮಿಷನರಿಗಳು ಮೈಸೂರು ಸೀಮೆಗೂ ಬಂದರು. 1821ರಲ್ಲಿ ಎಲೈಜಾ ಹೂಲ್ ಮತ್ತು ಜೇಮ್ಸ್ ಮೋವಾಟ್ ಬೆಂಗಳೂರಿನಲ್ಲಿ ಕೆಲಸ ಆರಂಭಿಸಿದರು. 1837ರಲ್ಲಿ ಗುಬ್ಬಿಯಲ್ಲಿ ಕನ್ನಡದ ಠಾಣ್ಯವಾಯಿತು. ಮಾಗಡಿಯವರಿಗೆ ಗುಬ್ಬಿ ದೂರವಲ್ಲ, ತುಮಕೂರು ದಾಟಿದರೆ ಆಯಿತು. ಅಲ್ಲಿ ದುಡಿದ ಥಾಮಸ್ ಹಾಡ್ಸನ್ ಕನ್ನಡ ವ್ಯಾಕರಣವನ್ನೂ ಬರೆದರು. ಅವರ ಪದ್ಧತಿಯಲ್ಲಿ ಸಭೆಯ ಸದಸ್ಯನಾಗಲು ಕ್ಲಾಸಿಗೆ ಸೇರಬೇಕಿತ್ತು. ಕೆಟ್ಟದ್ದೂ ಅಲ್ಲಿಂದಲೇ ಎಂದು ನನ್ನ ಅಭಿಪ್ರಾಯ. ಟಿಕೆಟ್ ಇದ್ದವನು ಸದಸ್ಯ ಎಂದಾದ ಮೇಲೆ ಮನಸ್ಸು ಬಿಚ್ಚುವುದು ಹೋಗಿ ಹಾಜರಿ ಹಾಕುವುದು ಉಳಿಯಿತು. 19ನೇ ಶತಮಾನ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನಲ್ಲೇ ಕ್ಲಾಸು ಸೊರಗಿತ್ತು. ದಕ್ಷಿಣ ಭಾರತದ ಮೆಥಡಿಸ್ಟ್ ಸಭೆಗಳು 1947ರಲ್ಲಿ ಸಿಎಸ್‌ಐ ಸಭೆಯೊಳಗೆ ಸೇರಿದವು.

ಚಿಕ್ಕ ಗುಂಪಿನ ಉಪಾಯ ಮಾತ್ರ ಸಾಯಲಿಲ್ಲ. ಅಮೆರಿಕದ ಲೂಥರನ್ ಪಾದ್ರಿ ಫ್ರಾಂಕ್ ಬುಕ್‌ಮನ್ ಕಟ್ಟಿದ ಆಕ್ಸ್‌ಫರ್ಡ್ ಗ್ರೂಪಿನಲ್ಲೂ ಜನ ಕೂತು ತಮ್ಮ ತಪ್ಪು ಹೇಳಿಕೊಳ್ಳುತ್ತಿದ್ದರು. ಅಲ್ಲಿ ಪರಿಚಯವಾದ ಇಬ್ಬರು ಕುಡುಕರು, ಒಬ್ಬ ಷೇರು ವ್ಯಾಪಾರಿ, ಒಬ್ಬ ಡಾಕ್ಟರು, 1935ರಲ್ಲಿ ಓಹಿಯೋದ ಆಕ್ರನ್ ಊರಿನಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಅವರು ಆಕ್ಸ್‌ಫರ್ಡ್ ಗ್ರೂಪಿನಿಂದ ಬೇರೆಯಾದರು. ಯಾವ ಧರ್ಮದವರಾದರೂ ಬರಬಹುದು, ಕುಡಿತ ಬಿಡುವ ಆಸೆ ಇದ್ದರೆ ಸಾಕು. ಪೂರ್ತಿ ಹೆಸರು ಹೇಳಬೇಕಿಲ್ಲ, ಹೊರಗಿನ ದುಡ್ಡು ತೆಗೆದುಕೊಳ್ಳುವಂತಿಲ್ಲ. 1951ರಲ್ಲಿ ಮನೆಯವರಿಗಾಗಿ ಆಲ್-ಅನಾನ್ ಬಂತು. ಕುಡಿಯುವವನ ಹೆಂಡತಿಗೂ ಒಂದು ಗುಂಪು ಬೇಕು ಎಂದು ಹೊಳೆಯಲು 16 ವರ್ಷ ಹಿಡಿಯಿತು ನೋಡಿ.

ಮುಂಬೈಯಲ್ಲಿ 1981ರಲ್ಲಿ ಕೃಪಾ ಫೌಂಡೇಶನ್ ಕಟ್ಟಿದ ಫಾದರ್ ಜೋ ಪಿರೇರಾ ತಾವೇ ಕುಡಿತದಿಂದ ಹೊರಬಂದವರು. ಆಲ್ಕೊಹಾಲಿಕ್ಸ್ ಅನಾನಿಮಸ್ ಕ್ರಮಕ್ಕೆ ಅವರು ಯೋಗವನ್ನೂ ಸೇರಿಸಿದರು. ಅವರ ಯೋಗ ಗುರು ಕೋಲಾರ ಜಿಲ್ಲೆ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್.

ನಮ್ಮ ಓದುಗರಿಗೆ ಇನ್ನೂ ಹತ್ತಿರದ್ದು ಧರ್ಮಸ್ಥಳದವರ ಮದ್ಯವರ್ಜನ ಶಿಬಿರ. ಅಲ್ಲಿ ಎಂಟು ದಿನದ ಶಿಬಿರ ಮುಗಿಸಿ ಬಂದವರಿಗೆ ಊರಲ್ಲಿ ನವಜೀವನ ಸಮಿತಿ ಇರುತ್ತದೆ. ಕುಡಿತ ಬಿಟ್ಟವರೇ ಸೇರಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಗುಂಪು ಅದು. ದೇವರು ಬೇರೆ, ಉಪಾಯ ಒಂದೇ.

2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ಬಂದಾಯಿತು. ಆದರೆ ಪ್ಯಾಕೆಟ್ ಹೋದ ಜಾಗಕ್ಕೆ ಬೇರೆ ಮದ್ಯ ಬಂತು, ಕುಡಿತ ಹೋಗಲಿಲ್ಲ. ಹಾಗಾಗಿ ಚರ್ಚಿನಲ್ಲೋ ದೇವಸ್ಥಾನದ ಅಂಗಳದಲ್ಲೋ ಇಂಥ ಗುಂಪು ನಡೆಸಲು ಹೊರಡುವವರು ಈ ಇತಿಹಾಸದಿಂದ ಕೆಲವು ಎಚ್ಚರಿಕೆ ಕಲಿಯಬಹುದು. ಹನ್ನೆರಡಕ್ಕಿಂತ ಹೆಚ್ಚು ಜನ ಸೇರಿದರೆ ಅದು ಭಾಷಣವಾಗುತ್ತದೆ. ಗುಂಪಿನಲ್ಲಿ ಕೇಳಿದ್ದು ಟೀ ಅಂಗಡಿಗೆ ಹೋದರೆ ಮುಂದಿನ ವಾರ ಯಾರೂ ಬರುವುದಿಲ್ಲ, ನಾಯಕನ ಹೆಂಡತಿಗೂ ಹೇಳುವಂತಿಲ್ಲ. ಪ್ರಾರ್ಥನೆ ಔಷಧಿಗೆ ಬದಲಿಯಲ್ಲ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗಿ, ಫಿಟ್ಸ್ ಬಂದು, ಪ್ರಾಣಕ್ಕೇ ಅಪಾಯವಾಗಬಹುದು. ಹಾಗಾಗಿ ಮೊದಲು ಡಾಕ್ಟರು, ಆಮೇಲೆ ಗುಂಪು. ಸಾಯುವ ಮಾತಾಡುವವರನ್ನು ಒಂಟಿಯಾಗಿ ಮನೆಗೆ ಕಳಿಸಬಾರದು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ಕುಡಿದು ಬಂದವನಿಗೂ ಚಾಪೆ ಹಾಸಬೇಕು. ಆಲ್ಕೊಹಾಲಿಕ್ಸ್ ಅನಾನಿಮಸ್ ಕಟ್ಟಿದ ಆ ಡಾಕ್ಟರೇ, ಸಂಗಾತಿ ಸಿಕ್ಕ ಮೇಲೂ ಒಮ್ಮೆ ಜಾರಿ ಕುಡಿದಿದ್ದ. ಅವನ ಕೊನೆಯ ಗ್ಲಾಸಿನ ದಿನ 1935ರ ಜೂನ್ 10. ಅದನ್ನೇ ಆ ಸಂಘದವರು ತಮ್ಮ ಹುಟ್ಟುಹಬ್ಬ ಎನ್ನುತ್ತಾರೆ.