ಥರ್ಮಲ್ ಪೇಸ್ಟ್ ಹೆಚ್ಚು ಹಚ್ಚಿದರೆ ಪ್ರೊಸೆಸರ್ ಹೆಚ್ಚು ತಂಪಾಗುತ್ತದೆಯೇ?

ಇಲ್ಲ. ಪೇಸ್ಟ್ ತಾನಾಗಿ ಏನನ್ನೂ ತಂಪು ಮಾಡುವುದಿಲ್ಲ. ಪ್ರೊಸೆಸರ್ ಮತ್ತು ಕೂಲರ್ ನಡುವಿನ ಸೂಕ್ಷ್ಮ ತಗ್ಗುಗಳಲ್ಲಿ ನಿಲ್ಲುವ ಗಾಳಿ ಶಾಖವನ್ನು ತಡೆಯುತ್ತದೆ. ಆ ಜಾಗ ತುಂಬುವುದಷ್ಟೇ ಪೇಸ್ಟ್‌ನ ಕೆಲಸ. ಪೇಸ್ಟ್ ಗಾಳಿಗಿಂತ ಉತ್ತಮ ಶಾಖವಾಹಕ, ಆದರೆ ತಾಮ್ರಕ್ಕಿಂತ ಬಹಳ ಕಳಪೆ. ಹಾಗಾಗಿ ದಪ್ಪ ಪದರವೇ ಅಡ್ಡಿಯಾಗುತ್ತದೆ. ಸಾಮಾನ್ಯ ಪ್ರೊಸೆಸರ್‌ಗೆ ಬಟಾಣಿ ಕಾಳಿನಷ್ಟು ಸಾಕು.

ಟೂತ್‌ಪೇಸ್ಟ್ ಬಳಸಬಹುದೇ? ಬೇಡ, ಅದು ಬೇಗ ಒಣಗುತ್ತದೆ. ಲಿಕ್ವಿಡ್ ಮೆಟಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ಹಾಳುಮಾಡುತ್ತದೆ, ಸೋರಿದರೆ ಶಾರ್ಟ್ ಸರ್ಕ್ಯೂಟ್ ಆಗಬಹುದು.

ಓವರ್‌ಕ್ಲಾಕ್ ಮಾಡುವಾಗ ವೇಗ, ವೋಲ್ಟೇಜ್ ಎರಡನ್ನೂ ಶೇ. 10ರಷ್ಟು ಏರಿಸಿದರೆ ಶಾಖ ಸುಮಾರು ಶೇ. 33ರಷ್ಟು ಹೆಚ್ಚುತ್ತದೆ. ಫ್ಯಾನ್ ಇರಲಿ, ನೀರಿನ ಕೂಲರ್ ಇರಲಿ, ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ತುಮಕೂರಿನ ಉಪ್ಪಾರಹಳ್ಳಿಯ ಮನೆಯೊಂದರಲ್ಲಿ ಚಳಿಗಾಲದ ಬೆಳಿಗ್ಗೆ ಕೋಣೆ 20 ಡಿಗ್ರಿ, ಪ್ರೊಸೆಸರ್ 80 ಡಿಗ್ರಿ ಇದೆ ಎಂದುಕೊಳ್ಳೋಣ. ಏಪ್ರಿಲ್ ಮಧ್ಯಾಹ್ನ ಕೋಣೆ 35 ಡಿಗ್ರಿಯಾದರೆ ಅದೇ ಕೆಲಸಕ್ಕೆ ಪ್ರೊಸೆಸರ್ 95 ಡಿಗ್ರಿ ಸಮೀಪಿಸುತ್ತದೆ. ಆ ಮಟ್ಟದಲ್ಲಿ ಹಲವು ಪ್ರೊಸೆಸರ್‌ಗಳು ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಓವರ್‌ಕ್ಲಾಕ್ ಮಾಡಿದ್ದು ವ್ಯರ್ಥ.

ನಮ್ಮ ಸಲಹೆ: ದುಬಾರಿ ಪೇಸ್ಟ್‌ಗಿಂತ ಮೊದಲು ದೊಡ್ಡ ಕೂಲರ್‌ಗೆ ಹಣ ಹಾಕಿ, ಧೂಳು ತೆಗೆಯಿರಿ, ಕ್ಯಾಬಿನೆಟ್‌ನಲ್ಲಿ ಗಾಳಿ ಆಡಲು ಬಿಡಿ. ಪರೀಕ್ಷೆಯನ್ನು ಬೇಸಿಗೆಯ ಮಧ್ಯಾಹ್ನವೇ ಮಾಡಿ.