ಹೈಡ್ರಾಲಿಕ್ ಪಂಪ್‌ಗೆ ದಪ್ಪ ಆಯಿಲ್ ಹಾಕಿದರೆ ರಿಂಗ್ ಸವೆಯುವುದಿಲ್ಲವೇ?

'ಟಿಪ್ಪರ್ ಎತ್ತುವಾಗ ಪಂಪ್ ಕೂಗುತ್ತಿದೆಯೇ? ಹೈಡ್ರಾಲಿಕ್ ಆಯಿಲ್ ತೆಗೆದು ದಪ್ಪ ಎಂಜಿನ್ ಆಯಿಲ್ ಹಾಕಿ, ರಿಂಗ್ ಸವೆಯುವುದೇ ಇಲ್ಲ.' ಇಂಥ ಸಲಹೆ ಗ್ಯಾರೇಜಿನಲ್ಲೂ ಸಿಗುತ್ತದೆ, ವಾಟ್ಸಾಪ್‌ನಲ್ಲೂ ಸಿಗುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಪಂಪ್ ಹಾಳಾಗುವುದು ಉಳಿದರ್ಧದಿಂದ.

ಟಿಪ್ಪರ್‌ಗಳಿಗೆ ಬಳಸುವ 'ಬೆಂಟ್ ಆಕ್ಸಿಸ್' ಎಂಬ ಬಗೆಯ ಪಂಪ್‌ನಲ್ಲಿ ಹಲವು ಚಿಕ್ಕ ಪಿಸ್ಟನ್‌ಗಳಿರುತ್ತವೆ. ಪಿಸ್ಟನ್‌ಗೂ ಸಿಲಿಂಡರ್ ಗೋಡೆಗೂ ನಡುವಿನ ಸಂದನ್ನು ಮುಚ್ಚುವುದು ರಿಂಗ್‌ನ ಕೆಲಸ. ರಿಂಗ್ ತಾನೇ ಸ್ಪ್ರಿಂಗ್‌ನಂತೆ ಹೊರಕ್ಕೆ ಒತ್ತುತ್ತದೆ. ಸಾಲದ್ದಕ್ಕೆ ಒತ್ತಡದ ಆಯಿಲ್ ಅದರ ಹಿಂದೆ ನುಗ್ಗಿ ಗೋಡೆಗೆ ಇನ್ನಷ್ಟು ಅದುಮುತ್ತದೆ. ಕಾರಿನ ಟೈರಿನಲ್ಲಿರುವುದು ಸುಮಾರು 2 ಬಾರ್ ಒತ್ತಡ. ಇಲ್ಲಿ 200 ಬಾರ್ ದಾಟುವುದು ಮಾಮೂಲು. ಅಷ್ಟಾದರೂ ಲೋಹಕ್ಕೆ ಲೋಹ ಉಜ್ಜಿ ಕಚ್ಚಿಕೊಳ್ಳದಿರುವುದಕ್ಕೆ ಕಾರಣ, ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಆಯಿಲ್ ಪದರ.

(ಎಲ್ಲ ಪಂಪ್‌ಗಳಲ್ಲೂ ರಿಂಗ್ ಇರುವುದಿಲ್ಲ. ಅಗೆಯುವ ಯಂತ್ರಗಳ ಅನೇಕ ಪಂಪ್‌ಗಳಲ್ಲಿ ಪಿಸ್ಟನ್ನೇ ಸಿಲಿಂಡರಿಗೆ ಅಷ್ಟು ಬಿಗಿಯಾಗಿ ಹೊಂದುತ್ತದೆ. ಅಲ್ಲಿ ಸಂದು ಸವೆದು ಎರಡರಷ್ಟಾದರೆ ಸೋರಿಕೆ ಸುಮಾರು ಎಂಟರಷ್ಟಾಗುತ್ತದೆ.)

ಈ ಪದರ ಒಂದೇ ಸಮನೆ ಇರುವುದಿಲ್ಲ. ಮಳೆಯಲ್ಲಿ ವೇಗವಾಗಿ ಹೋಗುವ ಕಾರಿನ ಟೈರು ನೀರಿನ ಮೇಲೆ ತೇಲಿದಂತಾಗಿ ಜಾರುತ್ತದಲ್ಲ, ರಿಂಗ್ ಕೂಡ ವೇಗವಿದ್ದಾಗ ಆಯಿಲ್ ಮೇಲೆ ತೇಲುತ್ತದೆ. ಆದರೆ ಪಿಸ್ಟನ್ ಪ್ರತಿ ಸಲ ತುದಿ ಮುಟ್ಟಿ ಹಿಂದಿರುಗುವಾಗ ವೇಗ ಸೊನ್ನೆಯಾಗುತ್ತದೆ. ಆಗ ಪದರ ಕುಗ್ಗಿ ಲೋಹ ತಾಗುತ್ತದೆ, ಸವೆತ ಹೆಚ್ಚುತ್ತದೆ. ಆ ಕ್ಷಣಕ್ಕೆ ಆಯಿಲ್‌ನ ದಪ್ಪ ಹೆಚ್ಚು ಸಹಾಯಕ್ಕೆ ಬರುವುದಿಲ್ಲ. ಕಾಪಾಡುವುದು ಆಯಿಲ್‌ನಲ್ಲಿ ಬೆರೆಸಿದ, ಲೋಹಕ್ಕೆ ಅಂಟಿಕೊಳ್ಳುವ ರಾಸಾಯನಿಕಗಳು. ಅನೇಕ ಹೈಡ್ರಾಲಿಕ್ ಆಯಿಲ್‌ಗಳಲ್ಲಿ ಇದು ಸತುವಿನ ಸಂಯುಕ್ತ.

ಹಾಗಾದರೆ ದಪ್ಪ ಇದ್ದಷ್ಟೂ ಒಳ್ಳೆಯದಲ್ಲವೇ? ಅಲ್ಲ. ಜರ್ಮನಿಯ ರಿಚರ್ಡ್ ಸ್ಟ್ರಿಬೆಕ್ 1902ರಲ್ಲೇ ಬೇರಿಂಗ್‌ಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದ್ದರು: ಪದರ ಮೂಡುತ್ತಿದ್ದಂತೆ ಘರ್ಷಣೆ ಇಳಿಯುತ್ತದೆ, ಒಂದು ಹಂತ ದಾಟಿದರೆ ಮತ್ತೆ ಏರುತ್ತದೆ. ಆಗ ತಡೆಯೊಡ್ಡುವುದು ಆಯಿಲ್ಲೇ. ಯಂತ್ರ ಕಾಯುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ.

ಇನ್ನೂ ದೊಡ್ಡ ತೊಂದರೆ ಚಳಿಯ ಬೆಳಿಗ್ಗೆ. ಹೈಡ್ರಾಲಿಕ್ ಆಯಿಲ್ ಡಬ್ಬದ ಮೇಲಿನ 46 ಅಥವಾ 68 ಎಂಬುದು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆ. ಲಾರಿಗಳಿಗೆ ಹಾಕುವ 15ಡಬ್ಲ್ಯು-40 ಎಂಜಿನ್ ಆಯಿಲ್‌ಗೆ ಅದೇ ಅಳತೆ 100ರ ಆಸುಪಾಸು. ಪಂಪ್ ಅದನ್ನು ಟ್ಯಾಂಕಿನಿಂದ ಹೀರಲಾರದೆ ಒಳಗೆ ಗುಳ್ಳೆಗಳೇಳುತ್ತವೆ. ಒತ್ತಡಕ್ಕೆ ಸಿಕ್ಕಿ ಗುಳ್ಳೆ ಒಡೆದಾಗ ಜಲ್ಲಿ ಅರೆದಂಥ ಸದ್ದು ಬರುತ್ತದೆ, ಲೋಹದಲ್ಲಿ ಗುಳಿ ಬೀಳುತ್ತದೆ. ಕೂಗು ನಿಲ್ಲಲೆಂದು ಹಾಕಿದ ಆಯಿಲ್ಲೇ ಕೂಗು ಹೆಚ್ಚಿಸಬಹುದು!

ಎಂಜಿನ್ ಆಯಿಲ್ ವಿಷವೇನಲ್ಲ. ಕೆಲವು ಯಂತ್ರಗಳಿಗೆ ತಯಾರಕರೇ ತೆಳು ದರ್ಜೆಯದನ್ನು ಒಪ್ಪುತ್ತಾರೆ. ಆದರೆ ಅದು ಮ್ಯಾನ್ಯುಯಲ್‌ನಲ್ಲಿ ಬರೆದಿರಬೇಕು. ಎಂಜಿನ್‌ನಿಂದ ಇಳಿಸಿದ ಹಳೇ ಆಯಿಲ್ ಅಂತೂ ಬೇಡವೇ ಬೇಡ. ಅದರ ಮಸಿ, ಲೋಹದ ಪುಡಿ ರಿಂಗ್‌ಗೆ ಉಪ್ಪುಕಾಗದವಿದ್ದಂತೆ.

ಪಂಪ್ ಕೂಗಿದರೆ ಮೊದಲು ಆಯಿಲ್ ಮಟ್ಟ, ಫಿಲ್ಟರ್, ಟ್ಯಾಂಕಿನಿಂದ ಪಂಪ್‌ಗೆ ಬರುವ ಪೈಪಿನ ಕ್ಲಿಪ್ ನೋಡಿ. ಆಯಿಲ್ ನೊರೆಯಾಗಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ.