ಎಥಿಕಲ್ ಹ್ಯಾಕಿಂಗ್ ಕಲಿಕೆ: ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ಗಣಕ ವ್ಯವಸ್ಥೆಯ ಮಾಲೀಕರ ಅನುಮತಿ ಪಡೆದು, ಅದರಲ್ಲಿನ ಭದ್ರತಾ ಲೋಪಗಳನ್ನು ಪತ್ತೆ ಹಚ್ಚಿ, ಸರಿಪಡಿಸಲು ಅನುವಾಗುವಂತೆ ವರದಿ ನೀಡುವುದನ್ನು ಎಥಿಕಲ್ ಹ್ಯಾಕಿಂಗ್ ಎನ್ನಲಾಗುತ್ತದೆ. ಅನಧಿಕೃತವಾಗಿ ನುಸುಳುವವರು ಬಳಸುವ ವಿಧಾನಗಳನ್ನೇ ಇಲ್ಲಿಯೂ ಬಳಸಲಾಗುತ್ತದೆ. ಇವೆರಡನ್ನೂ ಬೇರ್ಪಡಿಸುವ ಮುಖ್ಯ ಅಂಶವೆಂದರೆ ಪೂರ್ವಾನುಮತಿ.

ಕಾನೂನಿನ ಉಪಬಂಧಗಳು

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಮೇರೆಗೆ:

1. ಪ್ರಕರಣ 43: ಮಾಲೀಕರ ಅಥವಾ ಉಸ್ತುವಾರಿ ಹೊಂದಿದವರ ಅನುಮತಿಯಿಲ್ಲದೆ ಗಣಕಯಂತ್ರವನ್ನು ಪ್ರವೇಶಿಸಿದವರು ಅಥವಾ ದತ್ತಾಂಶವನ್ನು ನಕಲು ಮಾಡಿಕೊಂಡವರು ಬಾಧಿತರಿಗೆ ನಷ್ಟ ಪರಿಹಾರ ನೀಡಲು ಹೊಣೆಗಾರರಾಗುತ್ತಾರೆ. ಇದಕ್ಕೆ ದುರುದ್ದೇಶ ಇರಲೇಬೇಕೆಂದಿಲ್ಲ.

2. ಪ್ರಕರಣ 66: ಅದೇ ಕೃತ್ಯವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಎಸಗಿದಲ್ಲಿ 3 ವರ್ಷಗಳವರೆಗೆ ಕಾರಾವಾಸ, 5 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

3. ಪ್ರಕರಣ 70: ಸರ್ಕಾರವು ಸಂರಕ್ಷಿತ ವ್ಯವಸ್ಥೆಯೆಂದು ಅಧಿಸೂಚಿಸಿದ ಗಣಕ ವ್ಯವಸ್ಥೆಯನ್ನು ಅನಧಿಕೃತವಾಗಿ ಪ್ರವೇಶಿಸಿದಲ್ಲಿ ಅಥವಾ ಪ್ರವೇಶಿಸಲು ಯತ್ನಿಸಿದಲ್ಲಿ 10 ವರ್ಷಗಳವರೆಗೆ ಕಾರಾವಾಸ ಹಾಗೂ ಜುಲ್ಮಾನೆ ವಿಧಿಸಲು ಅವಕಾಶವಿದೆ.

ಕಲಿಯುವ ವಿಧಾನ

ಮೊದಲಿಗೆ ನೆಟ್‌ವರ್ಕ್, ಕಾರ್ಯಾಚರಣ ವ್ಯವಸ್ಥೆ ಹಾಗೂ ಪ್ರೋಗ್ರಾಮಿಂಗ್ ಕುರಿತು ತಿಳಿವಳಿಕೆ ಅಗತ್ಯ. ಅಭ್ಯಾಸವನ್ನು ಸ್ವಂತ ಗಣಕಯಂತ್ರದಲ್ಲಿಯೇ ಮಾಡತಕ್ಕದ್ದು. ಓವಾಸ್ಪ್ ಸಂಸ್ಥೆಯ ವೆಬ್‌ಗೋಟ್ ಮತ್ತು ಜ್ಯೂಸ್ ಶಾಪ್ ತಂತ್ರಾಂಶಗಳನ್ನು ಕಲಿಕೆಗೆಂದೇ ಲೋಪಗಳೊಂದಿಗೆ ರೂಪಿಸಲಾಗಿದ್ದು, ಅವು ಉಚಿತವಾಗಿ ದೊರೆಯುತ್ತವೆ. ಸಿ-ಡ್ಯಾಕ್ ಮತ್ತು ನೈಲಿಟ್ ಸಂಸ್ಥೆಗಳು ಸೈಬರ್ ಭದ್ರತೆಯ ತರಬೇತಿ ನೀಡುತ್ತವೆ.

ಅನುಮತಿ ಪತ್ರ

ಇತರರ ವ್ಯವಸ್ಥೆಯನ್ನು ಪರೀಕ್ಷಿಸುವ ಮುನ್ನ ಲಿಖಿತ ಅನುಮತಿ ಪಡೆಯುವುದು ಸೂಕ್ತ. ಪರೀಕ್ಷಿಸಬೇಕಾದ ವ್ಯವಸ್ಥೆ, ಅನುಸರಿಸುವ ವಿಧಾನ, ಅವಧಿ ಹಾಗೂ ವರದಿ ಸ್ವೀಕರಿಸುವವರ ವಿವರ ಅದರಲ್ಲಿರಬೇಕು. ಮೌಖಿಕ ಒಪ್ಪಿಗೆಯನ್ನು ನಂತರ ಸಾಬೀತುಪಡಿಸುವುದು ಕಷ್ಟ.

ಲೋಪ ಕಂಡುಬಂದಲ್ಲಿ

ಆನ್‌ಲೈನ್ ಅರ್ಜಿ ಸಲ್ಲಿಸಿದವರೊಬ್ಬರಿಗೆ, ಪುಟದ ವಿಳಾಸದಲ್ಲಿರುವ ಅರ್ಜಿ ಸಂಖ್ಯೆಯ ಒಂದು ಅಂಕಿ ತಪ್ಪಾಗಿ ನಮೂದಾದ ಕಾರಣ ಬೇರೊಬ್ಬರ ಸ್ವೀಕೃತಿ ಪತ್ರ ತೆರೆದುಕೊಂಡಿತೆಂದು ಭಾವಿಸೋಣ. ಇದು ಗಂಭೀರ ಲೋಪ. ಎಲ್ಲ ಅರ್ಜಿದಾರರ ವಿಳಾಸ ಹಾಗೂ ದೂರವಾಣಿ ಸಂಖ್ಯೆ ಬಯಲಾಗುವ ಸಂಭವವಿದೆ. ಆದರೆ ಖಚಿತಪಡಿಸಿಕೊಳ್ಳಲೆಂದು ಇನ್ನಷ್ಟು ಸಂಖ್ಯೆಗಳನ್ನು ಪ್ರಯತ್ನಿಸುವುದಾಗಲೀ, ಆ ಪತ್ರಗಳನ್ನು ಉಳಿಸಿಕೊಳ್ಳುವುದಾಗಲೀ, ಇತರರಿಗೆ ತೋರಿಸುವುದಾಗಲೀ ಸಲ್ಲದು. ಅಲ್ಲಿಗೇ ನಿಲ್ಲಿಸಿ, ದಿನಾಂಕ, ಸಮಯ ಮತ್ತು ಪುಟದ ವಿಳಾಸವನ್ನು ಬರೆದಿಟ್ಟುಕೊಂಡು, ಸಂಬಂಧಪಟ್ಟ ಇಲಾಖೆಗೆ ಅಥವಾ ಪ್ರಕರಣ 70ಬಿ ಅಡಿಯಲ್ಲಿ ಕಾರ್ಯನಿರ್ವಹಿಸುವ ರಾಷ್ಟ್ರೀಯ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬಹುದು.

ವರದಿ ಸಲ್ಲಿಸಿದ ಮಾತ್ರಕ್ಕೆ ಅನುಮತಿಯಿಲ್ಲದೆ ನಡೆಸಿದ ಪರೀಕ್ಷೆಯು ಸಕ್ರಮಗೊಳ್ಳುವುದಿಲ್ಲ ಎಂಬುದನ್ನು ಕಲಿಯುವವರು ಗಮನದಲ್ಲಿಡುವುದು.